ಕುಸುಬಿ ಎಣ್ಣೆ ಕುಡಿದ ಬಂದೂಕು

ನಮ್ಮ ಕಡೆ ಎರಡು ವಿಷಯಗಳಲ್ಲಿ ಪುಕ್ಕಟೆ ಸಲಹೆಗೆ ಎಂದೂ ಬರವಿಲ್ಲ. ಒಂದು ಗೋಡೆಗೆ ತೂತು ಕೊರೆಯುವುದು, ಇನ್ನೊಂದು ಬಂದೂಕಿಗೆ ಎಣ್ಣೆ ಹಚ್ಚುವುದು. ಒಬ್ಬ ಏಣಿ ಹತ್ತಿದರೆ ಸಾಕು, ಕೆಳಗೆ ನಿಂತವರೆಲ್ಲ ಇಂಜಿನಿಯರುಗಳಾಗುತ್ತಾರೆ. ಬಂದೂಕಿನ ಮಾತಂತೂ ಕೇಳಲೇಬೇಡಿ. ಬನಶಂಕರಿ ಜಾತ್ರೆಯಲ್ಲಿ ಬಲೂನಿಗೆ ಗುರಿಯಿಟ್ಟು ಬಲೂನಿನವನ ಪರದೆಗೆ ಹೊಡೆದವನೂ ನಿವೃತ್ತ ಸುಬೇದಾರನ ಗತ್ತಿನಲ್ಲಿ ಮಾತನಾಡುತ್ತಾನೆ. ಆ ಪರದೆಗೆ ಹೊಡೆದವನು ನಾನೇ. ಆದ್ದರಿಂದ ಈ ಎರಡೂ ವಿಷಯಗಳಲ್ಲಿ ನಾಲ್ಕು ಮಾತು ಹೇಳಲು ನನಗೂ ಅಧಿಕಾರವಿದೆ ಎಂದುಕೊಂಡು ಶುರುಮಾಡಿದ್ದೇನೆ. ಓದುವವರು ಸ್ವಲ್ಪ ದೂರ ಕುಳಿತು ಓದಿದರೆ ಒಳ್ಳೆಯದು.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಹಗಲೆಲ್ಲ ಕಾಲೇಜು ಹುಡುಗರ ನೋಟ್ಸುಗಳ ನಕಲು ತೆಗೆಯುತ್ತೇನೆ, ಸಂಜೆ ಅದೇ ಕಾಲೇಜಿನ ಗ್ಯಾದರಿಂಗುಗಳಲ್ಲಿ ಅವರ ಪ್ರಾಚಾರ್ಯರ ನಕಲು ತೆಗೆಯುತ್ತೇನೆ. ಎರಡರಲ್ಲೂ ಮೂಲಕ್ಕಿಂತ ಸ್ವಲ್ಪ ಕಪ್ಪಗೆ ಬರುತ್ತದೆ ಎಂಬ ದೂರಿದೆ. ಮಾತನಾಡುವ ಯಾರೇ ಆಗಲಿ, ಎರಡು ಸಲ ಕೇಳಿದರೆ ಅವರ ದನಿ ನನ್ನ ಗಂಟಲಿನಲ್ಲಿ ಬಂದು ಕೂರುತ್ತದೆ. ಹುನಗುಂದದ ಠಾಣೆಯ ಜಮಾದಾರರ ದನಿಯೂ ಹಾಗೇ ಬಂದು ಕುಳಿತದ್ದು. ಸಣ್ಣ ಗುಡುಗನ್ನು ಕೊಡದಲ್ಲಿ ತುಂಬಿಟ್ಟಂತಹ ದನಿ ಅವರದು. ಆ ದನಿಯಲ್ಲಿ ಹುನಗುಂದದ ನಮ್ಮ ದೊಡ್ಡಪ್ಪನಿಗೆ ಆಗಾಗ ಫೋನು ಮಾಡಿ, "ನಿಮ್ಮ ಎಮ್ಮಿ ಠಾಣೆಗೆ ಬಂದು ಕುಂತೈತಿ, ಬಂದು ಬಿಡಿಸ್ಕೊಂಡು ಹೋಗ್ರಿ" ಎಂದು ಹೇಳುವುದು ನನ್ನ ಮನರಂಜನೆ. ಮೊದಲೆರಡು ಸಲ ದೊಡ್ಡಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಿದ್ದರು. ಆಮೇಲೆ ನನ್ನನ್ನು ಗುರುತಿಸುವುದನ್ನು ಕಲಿತರು.

ಕಲಿತದ್ದೇ ಮುಳುವಾಯಿತು. ದೊಡ್ಡಪ್ಪನ ಬಳಿ ಬೆಳೆ ಕಾಯಲೆಂದು ಪರವಾನಗಿ ಪಡೆದ ಒಂದು ಒಂಟಿ ನಳಿಗೆಯ ಬಂದೂಕಿದೆ. ಪರವಾನಗಿ ನವೀಕರಣದ ಕಾಲ ಬಂದಾಗ ನಿಜವಾದ ಜಮಾದಾರರೇ ಫೋನು ಮಾಡಿ, ಸೋಮವಾರ ಮನೆಗೆ ಬರುತ್ತೇವೆ, ಬಂದೂಕು ನೋಡಬೇಕು, ಅದನ್ನು ಕೀಲಿ ಹಾಕಿ ಇಡುವ ಕಪಾಟನ್ನೂ ನೋಡಬೇಕು ಎಂದರು. ದೊಡ್ಡಪ್ಪ ಸಮಾಧಾನದಿಂದ ಕೇಳಿಸಿಕೊಂಡು, "ಬಾರಲೇ ಮಂಗ್ಯಾ, ಬರೂಮುಂದ ಬಾಗಲಕೋಟಿಯಿಂದ ಒಂದು ಕಿಲೋ ಖಾರಾ ತಗೊಂಡು ಬಾ" ಎಂದರು.

"ಹಿರೇರ, ನಾ ಠಾಣೆದಿಂದ ಮಾತಾಡಾಕತ್ತೇನಿ."

"ಗೊತ್ತೈತಿ ಬಿಡು. ಆದ್ರ ಇವತ್ತು ದನಿ ಅಷ್ಟು ಹೊಂದಲಿಲ್ಲ ನೋಡು. ಹ್ವಾದ ಸಲ ಖರೇ ಜಮಾದಾರನಂಗ ಇತ್ತು. ನೆಗಡಿ ಆಗೇತೇನು?"

ಜಮಾದಾರರು "ಸೋಮವಾರ ಮುಂಜಾನಿ ಬರ್ತೇವ್ರಿ. ದನಿ ಆವಾಗ ಹೊಂದತೈತಿ" ಎಂದು ಫೋನು ಇಟ್ಟರಂತೆ. ಶನಿವಾರ ನಾನು ಹುನಗುಂದದಲ್ಲಿದ್ದೆ. ಕರೆಸಿಕೊಂಡದ್ದು ದೊಡ್ಡವ್ವ. ಫೋನು ಮಾಡಿದ್ದು ನಾನಲ್ಲ ಎಂದು ತಿಳಿದ ಮೇಲೆ ದೊಡ್ಡಪ್ಪ ನನ್ನ ಜೊತೆ ಮಾತು ಬಿಟ್ಟಿದ್ದರು.

ಇಲ್ಲಿ ದೊಡ್ಡಪ್ಪನ ಬಗ್ಗೆ ಒಂದು ಮಾತು ಹೇಳಬೇಕು. ಅವರು ಇರುವೆ ಸಾಲನ್ನು ಕಂಡರೂ ಸುತ್ತು ಹಾಕಿ ನಡೆಯುವ ಮನುಷ್ಯ. ದಿನಾಲೂ ಲಿಂಗಪೂಜೆ, ಹಣೆ ತುಂಬ ವಿಭೂತಿ, ಬಾಯಿ ತುಂಬ ವಚನ. ಅಂಥವರ ಕೈಯಲ್ಲಿ ಬಂದೂಕು ಇರುವುದು ಶಾಲೆಯ ಮಾಸ್ತರರ ಕೈಯಲ್ಲಿ ಡೋಲಕ್ಕು ಇದ್ದ ಹಾಗೆ. ಆದರೆ ಗುಡ್ಡದ ಅಂಚಿನ ಹೊಲಗಳಿಗೆ ಗೋವಿನಜೋಳ ತಿನ್ನಲು ಕಾಡುಹಂದಿ ಬಂದರೆ ಸುತ್ತಲಿನವರೆಲ್ಲ ಕರೆಯುವುದು ಅವರನ್ನೇ. ದೊಡ್ಡಪ್ಪ ಬಂದೂಕು ಹೆಗಲಿಗೇರಿಸಿ ಹೋಗುತ್ತಾರೆ, ಮುಗಿಲಿಗೆ ಒಂದು ಢಂ ಎನ್ನುತ್ತದೆ, ಹಂದಿಗಳು ಪಕ್ಕದೂರಿನ ಕಡೆ ಓಡುತ್ತವೆ. ಬೆಳಿಗ್ಗೆ ಯಾರದೋ ಕಟ್ಟೆಯ ಮೇಲೆ ಅವರಿಗೆ ಚಹಾ, ಅದರ ಜೊತೆ ಊರಿನ ಎಲ್ಲ ವ್ಯವಹಾರಗಳ ಪಂಚಾಯ್ತಿಕೆ. ಅಂದು ಜಗಲಿಯ ಮೇಲೆ ಕುಳಿತು ಅವರು ನನಗಲ್ಲ, ಎದುರಿನ ಕಂಬಕ್ಕೆ ಹೇಳುವ ಹಾಗೆ ಹೇಳಿದರು: "ಬಂದೂಕ ಜಮಾ ಮಾಡ್ಕೊಂಡು ಹ್ವಾದ್ರ ಮುಗೀತು. ಬ್ಯಾಟರಿ ಹಿಡಕೊಂಡು ಹೊಲಾ ತಿರಗೂ ಮುದುಕರು ಊರಾಗ ಭಾಳ ಮಂದಿ ಅದಾರ. ಆಮ್ಯಾಲ ನನ್ನ ಯಾರು ಕರೀತಾರ?" ಕಂಬದ ಪರವಾಗಿ ನಾನು ಎದ್ದು ಅಂಗಿಯ ತೋಳು ಮಡಚಿದೆ.

ಕೆಲಸ ಹಂಚಿಕೊಂಡೆವು. ಬಂದೂಕಿನ ಪರವಾನಗಿ ಇರುವುದು ದೊಡ್ಡಪ್ಪನಿಗೆ, ಆದ್ದರಿಂದ ಅಲ್ಲಿ ಕೈ ಅವರದು, ಬಾಯಿ ನನ್ನದು. ಗೋಡೆಗೆ ಪರವಾನಗಿ ಬೇಕಿಲ್ಲ, ಆದ್ದರಿಂದ ಅಲ್ಲಿ ಕೈ ನನ್ನದು, ಬಾಯಿ ಮನೆಯವರೆಲ್ಲರದು.

ಮೊದಲು ಗೋಡೆ. ಇಳಕಲ್ಲಿನಿಂದ ಗಟ್ಟಿ ಕೀಲಿಯ ಒಂದು ಉದ್ದನೆಯ ಕಬ್ಬಿಣದ ಪೆಟ್ಟಿಗೆ ತಂದಿದ್ದರು, ಅದನ್ನು ಗೋಡೆಗೆ ಬೋಲ್ಟು ಹಾಕಿ ಕೂರಿಸಬೇಕು. ನಮ್ಮ ದೊಡ್ಡಪ್ಪನ ಮನೆ ಕಲ್ಲುಮಣ್ಣಿನದು. ಕಲ್ಲು ಅಂದರೆ ಇಳಕಲ್ಲಿನ ಕೆಂಪು ಕಲ್ಲು. ಬಾದಾಮಿಯ ಕಲ್ಲು ಮೆತ್ತಗಿದೆ, ಹಿಂದಿನವರು ಅದರಲ್ಲಿ ಗುಹೆ ಕೊರೆದು, ಕಂಬ ಕೆತ್ತಿ, ದೇವರನ್ನೇ ನಿಲ್ಲಿಸಿದರು. ಪಟ್ಟದಕಲ್ಲಿನಲ್ಲಂತೂ ಕೆತ್ತದೆ ಬಿಟ್ಟ ಜಾಗವೇ ಇಲ್ಲ. ಆದರೆ ಇಳಕಲ್ಲಿನ ಕಲ್ಲಿನಲ್ಲಿ ಒಂದು ಗುಹೆಯೂ ಯಾಕಿಲ್ಲ ಎಂಬುದು ನನಗೆ ಆ ಶನಿವಾರ ತಿಳಿಯಿತು. ಯಾರೋ ನನ್ನಂಥವನು ಶುರುಮಾಡಿ, ಉಳಿ ಮೊಂಡಾಗಿ, ಬಾದಾಮಿಯ ಬಸ್ಸು ಹತ್ತಿರಬೇಕು. ನನ್ನ ಡ್ರಿಲ್ ಮಶೀನು ಗೋಡೆಯ ಮೇಲೆ ನಿಂತು ಅಳುತ್ತಿತ್ತು, ಗೋಡೆಗೆ ಒಂದು ಮಚ್ಚೆಯಷ್ಟೂ ಗುರುತು ಬೀಳಲಿಲ್ಲ. "ಸ್ವಲ್ಪ ಬಾಜೂಕ ಹಚ್ಚಿ ನೋಡಬೇಕು" ಎಂದರು ದೊಡ್ಡಪ್ಪ, ಮತ್ತೆ ಕಂಬಕ್ಕೆ. ಪಕ್ಕಕ್ಕೆ ಹಚ್ಚಿದೆ. ಅದು ಎರಡು ಕಲ್ಲುಗಳ ನಡುವಿನ ಮಣ್ಣಿನ ಸಂದು. ಡ್ರಿಲ್ಲು ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಇಳಿಯಿತು, ಒಳಗಿನಿಂದ ಒಂದು ಬುಟ್ಟಿ ಮಣ್ಣು ಜರ್ರನೆ ಸುರಿಯಿತು, ಮಶೀನಿನ ಹಿಂದೆ ನಾನೂ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತೆ.

ಆಚೆ ಅಡುಗೆಮನೆಯಿಂದ ದೊಡ್ಡವ್ವನ ದನಿ ಬಂತು. "ತಮ್ಮಾ, ನಿನ್ನ ಮಶೀನು ಇತ್ಲಾಗ ಬಂದೈತಿ."

ಗೋಡೆಯ ಆಚೆ ಬದಿಯಲ್ಲಿ ಒಂದು ಗೂಡಿದೆ, ಅದರಲ್ಲಿ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ಇರುತ್ತದೆ ಎಂಬುದನ್ನು ಹುಟ್ಟಿದಾಗಿನಿಂದ ಆ ಡಬ್ಬಿಗೆ ಕೈ ಹಾಕುತ್ತ ಬಂದ ನಾನೇ ಮರೆತಿದ್ದೆ. ಡ್ರಿಲ್ಲು ಡಬ್ಬಿಯನ್ನು ತೂತು ಮಾಡಿ, ಹಿಂಡಿಯನ್ನು ಚೆನ್ನಾಗಿ ಕಲಸಿತ್ತು. "ಉಪ್ಪು ಸರಿ ಐತೇನು ನೋಡ್ಕೋತ ಹೋಗಂತ ನಿನ್ನ ಮಶೀನಿಗೆ ಹೇಳು" ಎಂದರು ದೊಡ್ಡವ್ವ, ಗಂಡನಿಗೆ ಕೇಳಿಸುವಂತೆ. ನಾನು ಅದೇ ದನಿಯಲ್ಲಿ ಅದೇ ಮಾತನ್ನು ತಿರುಗಿ ಹೇಳಿದೆ. "ನಿನ್ನ ನಾಲಿಗೀಗೆ ಇದ್ದ ಜೋರು ಕೈಗೆ ಇದ್ದಿದ್ದ್ರ ನನ್ನ ಡಬ್ಬಿ ಉಳೀತಿತ್ತು" ಎಂದರು.

ಹಳೆಯ ಮನೆಯವರಿಗೆ ನನ್ನ ಸಲಹೆ ಇಷ್ಟೇ. ಮಶೀನು ಹಿಡಿಯುವ ಮೊದಲು ಗೋಡೆಯ ಆಚೆ ಹೋಗಿ ಏನಿದೆ ನೋಡಿ ಬನ್ನಿ. ಆಮೇಲೆ ಸುತ್ತಿಗೆಯಿಂದ ಮೆತ್ತಗೆ ಬಡಿಯುತ್ತ ಹೋಗಿ. ಠಣ್ ಎಂದರೆ ಕಲ್ಲು, ದಪ್ ಎಂದರೆ ಮಣ್ಣು. ಭಾರ ಹೊರುವ ಬೋಲ್ಟು ಕಲ್ಲಿಗೇ ಹೋಗಬೇಕು, ಅದಕ್ಕೆ ಕಲ್ಲು ಕೊರೆಯುವ ಮೊನೆಯೇ ಬೇಕು, ನಡುನಡುವೆ ನಿಲ್ಲಿಸಿ ಅದನ್ನು ಆರಲು ಬಿಡಬೇಕು. ಮಣ್ಣಿನ ಸಂದಿಗೆ ಎಷ್ಟು ಉದ್ದದ ಬೋಲ್ಟು ಹಾಕಿದರೂ ಅದು ಬಾಡಿಗೆದಾರನಂತೆ ಒಂದು ದಿನ ಹೊರಗೆ ಬರುತ್ತದೆ. ಇಷ್ಟು ತಿಳಿದ ಮೇಲೆ ಜಾಗ ಬದಲಿಸಿ, ಸರಿಯಾದ ಮೊನೆ ತರಿಸಿ, ಸಂಜೆಯ ಹೊತ್ತಿಗೆ ಪೆಟ್ಟಿಗೆ ಕೂರಿಸಿದೆ. ದೊಡ್ಡಪ್ಪ ಅದನ್ನು ಹಿಡಿದು ಜಗ್ಗಿ ನೋಡಿದರು. ಮಾತು ಶುರುಮಾಡಿದ್ದು ಆಗಲೇ. "ಗೋಡಿ ಬಿದ್ರೂ ಇದು ಬೀಳೂದಿಲ್ಲ ನೋಡು" ಎಂದರು. ಗೋಡೆಯ ಸ್ಥಿತಿ ನೋಡಿದರೆ ಅದು ಹೊಗಳಿಕೆಯೋ ಅಲ್ಲವೋ ಹೇಳುವುದು ಕಷ್ಟ.

ಭಾನುವಾರ ಬಂದೂಕು ಹೊರಗೆ ಬಂತು. ಟ್ರಂಕಿನ ಹಿಂದೆ, ದೊಡ್ಡವ್ವನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿಟ್ಟಿದ್ದರು. ಮದುಮಗಳಿಗೆ ಇದು ಸರಿ, ಬಂದೂಕಿಗಲ್ಲ. ಬಟ್ಟೆ ಗಾಳಿಯ ತೇವ ಹಿಡಿದಿಟ್ಟುಕೊಂಡು ಕಬ್ಬಿಣಕ್ಕೆ ಕುಡಿಸುತ್ತದೆ. ಬಂದೂಕು ಕೈಗೆ ಬಂದ ಕೂಡಲೇ ಮಾಡಬೇಕಾದ ಮೊದಲ ಕೆಲಸ, ಖಾಲಿ ಇದೆಯೇ ಎಂದು ತೆರೆದು ನೋಡುವುದು. "ಖಾಲಿ ಐತಿ, ನನಗ ಗೊತ್ತಿಲ್ಲೇನು" ಎಂದರು ದೊಡ್ಡಪ್ಪ. ಖಾಲಿ ಇದೆ ಎಂದು ಗೊತ್ತಿರುವ ಬಂದೂಕನ್ನೇ ಮೊದಲು ನೋಡಬೇಕು ಎಂದೆ. ತೆರೆಯಲು ಹೋದರು, ತೆರೆಯಲಿಲ್ಲ. ಮೊಳಕಾಲಿಗೆ ಆನಿಸಿ ಒತ್ತಲು ಹೊರಟವರನ್ನು ತಡೆದೆ. ಕೊಟ್ಟಿಗೆಯ ಹಿಂದಿನ ಉಸುಕಿನ ಗುಡ್ಡೆಯ ಕಡೆ ನಳಿಗೆ ತಿರುಗಿಸಿ ಹಿಡಿಯಲು ಹೇಳಿ, ಎಮ್ಮೆಯನ್ನೂ ದೊಡ್ಡವ್ವನನ್ನೂ ಹಿಂದಕ್ಕೆ ಕಳಿಸಿ, ನಾನು ಇಬ್ಬರ ಹಿಂದೆ ನಿಂತುಕೊಂಡೆ.

ಬಂದೂಕಿನ ಮೈಮೇಲೆ ಬೆಲ್ಲದ ಪಾಕ ಹಚ್ಚಿ ಒಣಗಿಸಿದಂತೆ ಕಂದು ಬಣ್ಣದ ಪದರವಿತ್ತು. ಏನು ಹಚ್ಚುತ್ತೀರಿ ಎಂದು ಕೇಳಿದೆ.

"ಪ್ರತಿ ಮಾನೌಮಿಗೆ ಪೂಜಿ ಮಾಡಿ ಎಣ್ಣಿ ಹಚ್ಚತೇನಿ. ಮನಿಯಾಗಿಂದ, ಗಾಣದ ಕುಸುಬಿ ಎಣ್ಣಿ. ಅಂಗಡೀದ ಕಲಬೆರಕಿ ಅಲ್ಲ."

ತಾವು ಉಣ್ಣುವ ಎಣ್ಣೆಯನ್ನೇ ಬಂದೂಕಿಗೂ ಹಾಕಿದ್ದರು, ಅದರಲ್ಲಿ ಭೇದ ಮಾಡಿರಲಿಲ್ಲ. ಆದರೆ ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅಂಟಾಗುವ ಜಾತಿಯದು. ಹಂಚಿನ ಅಂಚಿನಲ್ಲಿ ಉಳಿದ ಎಣ್ಣೆ ಯಾವ ರೀತಿ ಕಚ್ಚಿಕೊಳ್ಳುತ್ತದೆ ಎಂದು ರೊಟ್ಟಿ ಬಡಿಯುವ ಮನೆಯವರಿಗೆಲ್ಲ ಗೊತ್ತು. ವರ್ಷ ವರ್ಷ ಹಚ್ಚಿದ ಎಣ್ಣೆ, ಅದರ ಮೇಲೆ ಮೂರು ಬೆರಳಿನ ವಿಭೂತಿ, ಮೇಲೊಂದು ಕುಂಕುಮ, ಮತ್ತೆ ಎಣ್ಣೆ. ಕೀಲುಗಳೆಲ್ಲ ಅರಗು ಹಾಕಿದ ಹಾಗೆ ಮುಚ್ಚಿಹೋಗಿದ್ದವು. ಭಾನುವಾರವಾದ್ದರಿಂದ ರಿಪೇರಿಯವರು ಸಿಗುವಂತಿರಲಿಲ್ಲ. ನಿಮಗೆ ಸಿಗುವಂತಿದ್ದರೆ ಅವರ ಬಳಿಯೇ ಹೋಗಿ. ನಾವು ಟ್ರ್ಯಾಕ್ಟರಿನಿಂದ ಒಂದು ಬಟ್ಟಲು ಡೀಸೆಲ್ ತೆಗೆದು, ಕೀಲಿನ ಸುತ್ತ ಅರಿವೆ ನೆನೆಸಿ ಕಟ್ಟಿ, ಕಾಯುತ್ತ ಕುಳಿತೆವು. ದೊಡ್ಡಪ್ಪ ಕುದುರೆಗೆ ಮಾಲೀಸು ಮಾಡುವವರಂತೆ ತಿಕ್ಕುತ್ತ ಕುಳಿತರು. ಮಧ್ಯಾಹ್ನ ರೊಟ್ಟಿ ಊಟ ಮುಗಿದ ಮೇಲೆ ಬಂದೂಕು ಕಟಕ್ ಎಂದು ಬಾಯಿ ಬಿಟ್ಟಿತು.

ತೋಟಾ ಇರಲಿಲ್ಲ. ಆದರೆ ಬಗ್ಗಿ ನೋಡಿದರೆ ನಳಿಗೆಯ ಆಚೆಯ ಬೆಳಕೂ ಕಾಣಲಿಲ್ಲ. ಬಟ್ಟೆ ಸುತ್ತಿದ ಕೋಲು ಹಾಕಿ ಹಿಂದಿನಿಂದ ನೂಕಿದಾಗ ತುದಿಯಿಂದ ಉಂಡೆ ಉಂಡೆಯಾಗಿ ಮಣ್ಣು ಬಿತ್ತು. ಕುಂಬಾರ ಹುಳದ ಗೂಡು. ಅಂಥ ನಳಿಗೆಯಿಂದ ಗುಂಡು ಹಾರಿಸಿದರೆ ನಳಿಗೆಯೇ ಸೀಳಿ ಹಾರಿಸಿದವನ ಮುಖಕ್ಕೆ ಬರುತ್ತದೆ. ನನಗೆ ಮೊದಲು ಬೆವರು ಬಂತು, ಆಮೇಲೆ ಲೆಕ್ಕ ಬಂತು. ಗೂಡು ಹಳೆಯದು, ಹುಳಗಳು ಎಂದೋ ಹಾರಿಹೋಗಿದ್ದವು.

"ದೊಡ್ಡಪ್ಪಾ, ಹ್ವಾದ ತಿಂಗಳ ಹಂದಿ ಓಡಿಸಿದ್ರಿ ಅಂದ್ರಲ್ಲ. ಢಂ ಅಂದದ್ದು ಯಾವುದು?"

ದೊಡ್ಡಪ್ಪ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡುತ್ತ, "ಜಮಾದಾರ ಮೊದಲ ಬಂದು ಹೋಗಲಿ" ಎಂದರು. ಅಷ್ಟು ಹೇಳಿ ಆ ಮಾತು ಮುಗಿಸಿದರು.

ಡೀಸೆಲನ್ನು ಪೂರ್ತಿ ಒರೆಸಿ, ಹೊಲಿಗೆ ಮಶೀನಿಗೆ ಹಾಕುವ ತೆಳ್ಳನೆಯ ಎಣ್ಣೆಯನ್ನು ಅರಿವೆಗೆ ಒಂದೆರಡು ಹನಿ ಹಾಕಿ ಸವರಿಸಿದೆ. ಕಂಡೂ ಕಾಣದ ಹಾಗೆ ಇರಬೇಕು, ಹೆಚ್ಚಾದರೆ ಅದೂ ಧೂಳು ಕರೆಯುತ್ತದೆ. ಕೊನೆಗೆ ಬೆರಳಿನ ಬೆವರು ಉಳಿಯದಂತೆ ಇನ್ನೊಮ್ಮೆ ಒರೆಸಬೇಕು. ಬಂದೂಕಿಗೆಂದು ತೆಗೆದಿಟ್ಟಿದ್ದ ಕುಸುಬಿ ಎಣ್ಣೆ ವ್ಯರ್ಥವಾಗಲಿಲ್ಲ. ದೊಡ್ಡವ್ವ ಅದನ್ನು ತಲಬಾಗಿಲಿಗೆ ತೆಳ್ಳಗೆ ಸವರಿ ಬಿಸಿಲಿಗೆ ಬಿಟ್ಟರು. ಒಣಗಿ ಗಟ್ಟಿಯಾಗುವ ಗುಣವೇ ಮರಕ್ಕೆ ಬೇಕಾದದ್ದು. ಬಂದೂಕಿನ ಬಾಯಿ ಮುಚ್ಚಿಸಿದ ಎಣ್ಣೆ ಬಾಗಿಲಿಗೆ ಹೊಸ ಮುಖ ಕೊಟ್ಟಿತು. ಸವರಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳುವ ಭಯವಿದೆ. ಬಿಚ್ಚಿ ಹೊರಗೆ ಒಣಹಾಕಿ.

ಸೋಮವಾರ ಜಮಾದಾರರು ಬಂದರು. ಬಂದೂಕು ತೆರೆಸಿ ನೋಡಿದರು, ಮುಚ್ಚಿಸಿ ನೋಡಿದರು, ಮೂಸಿದರು. "ಹಿರೇರ, ಇದು ಟ್ರ್ಯಾಕ್ಟರ್ ವಾಸನಿ ಹೊಡಿಯಾಕತ್ತೈತಲ್ಲ." ಕಪಾಟು ಹಿಡಿದು ಜಗ್ಗಿದರು, ಅದು ಅಲುಗಲಿಲ್ಲ. ಗೋಡೆಯ ಇನ್ನೊಂದು ತೂತಿನಲ್ಲಿ ಕಣ್ಣಿಟ್ಟು ನೋಡಿದಾಗ ಆಚೆ ದೊಡ್ಡವ್ವ ಚಹಾ ಸೋಸುತ್ತಿರುವುದು ಕಂಡಿತು. ಅದರ ಬಗ್ಗೆ ಏನೂ ಕೇಳಲಿಲ್ಲ. ಆಮೇಲೆ, ದೊಡ್ಡಪ್ಪ ಎಮ್ಮೆಯ ಫೋನಿನ ಕಥೆಯನ್ನೆಲ್ಲ ಮೊದಲೇ ಒಪ್ಪಿಸಿದ್ದರಿಂದ, ನನ್ನ ಕಡೆ ತಿರುಗಿ, "ನನ್ನ ದನಿ ತಗಿಯಾಂವ ನೀನನ?" ಎಂದರು. ನಾನು ಯಾರ ದನಿಯೂ ಅಲ್ಲದ ಒಂದು ದನಿಯಲ್ಲಿ ಹೌದ್ರಿ ಎಂದೆ. "ತಗಿ, ಬ್ಯಾಡ ಅನ್ನೂದಿಲ್ಲ. ಆದ್ರ ಎಮ್ಮಿ ವಿಷಯಕ್ಕ ನನ್ನ ಕರೀಬ್ಯಾಡ." ಎಲ್ಲ ಸರಿ ಇದೆ ಎಂದು ಬರೆದುಕೊಂಡು, ಚಹಾ ಕುಡಿದು ಹೋದರು. ದೊಡ್ಡಪ್ಪ ಬಂದೂಕನ್ನು ಒಳಗಿಟ್ಟು ಕೀಲಿ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು.

ಸಂಜೆ ಹೊತ್ತು ಮುಳುಗುವಾಗ ಗುಡ್ಡದಂಚಿನ ಹೊಲದ ಬೀರಪ್ಪ ಬಾಗಿಲಿಗೆ ಬಂದ. ಕುರಿ ಸಾಕಿಕೊಂಡು ಒಕ್ಕಲುತನ ಮಾಡುವ ಮನುಷ್ಯ, ದೊಡ್ಡಪ್ಪನನ್ನು ಮೊದಲು ಕರೆಯುವವನು ಅವನೇ. ಹೊಳೆಯುವ ಬಾಗಿಲನ್ನು ಮುಟ್ಟಲು ಹೆದರಿ ಹೊರಗೇ ನಿಂತು, "ಗೌಡ್ರ, ಹಂದಿ ಇಳಿದಾವ್ರಿ. ಲಗೂನ ಬರ್ರಿ" ಎಂದ. ಆಮೇಲೆ ತೀರ ಸಹಜವಾಗಿ ಕೇಳಿದ: "ಡಬ್ಬಿ ನೀವ ತರ್ತೀರೋ, ನಮ್ಮ ಮನ್ಯಾಗಿಂದು ತರ್ಲ್ಯೋ? ಪಟಾಕ್ಷಿ ಅದಾವೋ ತೀರ್ಯಾವೋ?"

ದೊಡ್ಡಪ್ಪ ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಬೀರಪ್ಪನ ಮುಖ ನೋಡಿದರು. "ನಿನಗ ಗೊತ್ತಿತ್ತೇನು?"

"ಊರಿಗೇ ಗೊತ್ತೈತ್ರಿ. ಬಂದೂಕ್ ಹಾರಿದ್ರ ಎಣ್ಣಿ ಡಬ್ಬಿ ಹಂಗ ಠಣಾ ಠಣಾ ಉಳ್ಳತೈತೇನ್ರಿ ಗುಡ್ಡದಾಗ? ಬರ್ರಿ ಬರ್ರಿ, ನೀವು ಬಂದ್ರ ಧೈರ್ಯ ಇರತೈತಿ. ನಮ್ಮ ಅವ್ವ ಸುಟ್ಟ ತೆನಿ ತಿನ್ನಾಕ ಬರ್ರಿ ಅಂದಾಳ."

ದೊಡ್ಡಪ್ಪನ ಕೈ ಉಡಿದಾರದ ಕೀಲಿಯ ಕಡೆ ಹೋಯಿತು, ಅಲ್ಲಿಂದ ವಾಪಸ್ಸು ಬಂದು ಮೀಸೆಯ ಮೇಲೆ ಕೂತಿತು. "ಇರ್ಲಿ ಬಿಡು. ಬಂದೂಕ ಈಗ ಸ್ವಚ್ಛ ಐತಿ, ಯಾಕ ಹೊಲಸ ಮಾಡೂದು" ಎಂದು ಕೊಟ್ಟಿಗೆಯ ಅಟ್ಟದಿಂದ ಒಳಗೆ ಪಟಾಕಿ ಹೊಡೆದು ಹೊಡೆದು ಕರ್ರಗಾದ ಒಂದು ಎಣ್ಣೆ ಡಬ್ಬಿ ಇಳಿಸಿದರು. ನಾನು ಯೋಚಿಸಿದೆ: ಊರಿಗೆಲ್ಲ ಗೊತ್ತಿತ್ತು, ಹಂದಿಗಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ದನಿ ತೆಗೆಯುತ್ತ ಬಂದವನು ಒಂದು ಡಬ್ಬಿ ಬಂದೂಕಿನ ದನಿ ತೆಗೆದದ್ದನ್ನು ಗುರುತಿಸಲಾರದೆ ಹೋಗಿದ್ದೆ. ವಿದ್ಯಾಗಿರಿಯ ಅಂಗಡಿಯಲ್ಲಿ ನಮ್ಮ ದೊಡ್ಡಪ್ಪ ಮುಗಿಲಿಗೆ ಗುಂಡು ಹಾರಿಸುವ ಕಥೆಯನ್ನು ಹುಡುಗರಿಗೆ ಎಷ್ಟು ಸಲ, ಎಷ್ಟು ಢಂಗಳ ಸಮೇತ ಹೇಳಿದ್ದೆನೋ ಲೆಕ್ಕವಿಲ್ಲ.

"ಏನ್ ನೋಡ್ತೀ? ಡಬ್ಬಿ ಹಿಡಿ" ಎಂದರು ದೊಡ್ಡಪ್ಪ. ಹಿಡಿದು ಹಿಂದೆ ನಡೆದೆ. ದಾರಿಯಲ್ಲಿ, ಪಟಾಕ್ಷಿ ಯಾಕೆ ಖರ್ಚು ಮಾಡುವುದು, ನಾನೇ ಬಾಯಿಂದ ಒಂದು ಢಂ ತೆಗೆಯಲೇ ಎಂದು ಕೇಳಿ, ಎದೆ ತುಂಬ ಉಸಿರು ತೆಗೆದುಕೊಂಡು ತೆಗೆದೂ ತೋರಿಸಿದೆ. ಬೀರಪ್ಪನ ನಾಯಿ ಬಾಲ ಅಲ್ಲಾಡಿಸುತ್ತ ಬಂದು ನನ್ನ ಕೈ ನೆಕ್ಕಿತು.