ಕಪ್ಪೆಚಿಪ್ಪಿನ ಲೈಸೆನ್ಸೂ ಬಾಗಿಲ ಮರೆಯ ಅತ್ತೆಯೂ

ಅತ್ತೆಯಾದವಳು ಅಳಿಯನ ಎದುರಿಗೆ ನಿಂತು ಮಾತಾಡಬಾರದು ಎಂಬ ಪದ್ಧತಿ ನಮ್ಮ ಕಡೆ ಕೆಲವು ಮನೆಗಳಲ್ಲಿ ಇನ್ನೂ ಉಳಿದುಕೊಂಡಿದೆ. ಅದನ್ನು ಮಾಡಿಟ್ಟವರು ಮನುಷ್ಯ ಸ್ವಭಾವವನ್ನು ಚೆನ್ನಾಗಿ ಬಲ್ಲವರೇ ಇರಬೇಕು ಎಂದು ಈಗ ನನಗೆ ಅನ್ನಿಸುತ್ತಿದೆ. ಮೊದಲು ಹಾಗೆ ಅನ್ನಿಸುತ್ತಿರಲಿಲ್ಲ. ಮದುವೆಯಾದಾಗಿನಿಂದ ನನ್ನ ಅತ್ತೆ ಲಕ್ಷ್ಮೀದೇವಮ್ಮನವರು ನನ್ನೊಡನೆ ಒಂದು ಮಾತನ್ನೂ ನೇರವಾಗಿ ಆಡಿರಲಿಲ್ಲ. ಕಲ್ಯಾಣದುರ್ಗದ ಪಕ್ಕದ ಅವರ ಹಳ್ಳಿಗೆ ಹೋದರೆ, ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ನನ್ನ ಹೆಂಡತಿ ಪದ್ಮಾಗೆ, "ಇನ್ನೊಂದು ಮುದ್ದೆ ಇಕ್ಕಮ್ಮ, ಸಂಕೋಚ ಮಾಡ್ಕಂತವ್ರೆ" ಅನ್ನುತ್ತಿದ್ದರು. ಪದ್ಮಾ ಹತ್ತಿರದಲ್ಲಿ ಇಲ್ಲದಿದ್ದರೆ ಅಂಗಳದ ಎಮ್ಮೆಗೆ ಹೇಳುತ್ತಿದ್ದರು: "ಬಿಸಿನೀರು ಕಾದೈತೆ, ಸ್ನಾನಕ್ಕೆ ಹೋಗೋರು ಹೋಗ್ಬೋದು." ಎಮ್ಮೆ ನನ್ನ ಕಡೆ ನೋಡುತ್ತಿತ್ತು. ನಾನು ಟವೆಲ್ ಹೆಗಲಿಗೆ ಹಾಕಿಕೊಂಡು ಏಳುತ್ತಿದ್ದೆ. ಇದು ಮರ್ಯಾದೆ ಎಂದು ಗೊತ್ತಿದ್ದರೂ ನನಗೆ ಒಳಗೊಳಗೇ ಕೊರಗು. ಎಂದಾದರೂ ಒಂದು ದಿನ ಅವರು ನನ್ನ ಮುಖ ನೋಡಿ ನಾಲ್ಕು ಮಾತಾಡುವಂಥ ಘನಕಾರ್ಯ ಮಾಡಬೇಕು ಎಂಬ ಆಸೆ ಮನಸ್ಸಿನಲ್ಲಿ ಬೇರೂರಿಬಿಟ್ಟಿತ್ತು.

ಆಂಧ್ರಕ್ಕೆ ಸೇರಿದ ಗಡಿಯೂರು ಹಿಂದೂಪುರದ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಅಂಗಡಿ ಇದೆ. ಜೆರಾಕ್ಸ್, ತೆಲುಗು-ಕನ್ನಡ-ಇಂಗ್ಲಿಷ್ ಟೈಪಿಂಗ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ. ದಿನವಿಡೀ ಸರ್ಕಾರಿ ಕಾಗದಗಳ ನಡುವೆ ಕೂತಿರುವವನಿಗೆ ಕಾಯಿದೆ ಕಾನೂನು ಗೊತ್ತಿರುತ್ತದೆ ಎಂದು ಜನ ನಂಬಿದ್ದಾರೆ. ಆ ನಂಬಿಕೆಯನ್ನು ಕೆಡಿಸುವ ಪ್ರಯತ್ನವನ್ನು ನಾನು ಮಾಡಿಲ್ಲ. ಯಾರಾದರೂ ಏನಾದರೂ ಕೇಳಿದರೆ ಕನ್ನಡಕವನ್ನು ಹಣೆಗೇರಿಸಿ, "ಅದಕ್ಕೊಂದು ಜಿ.ಓ. ಇದೆ, ನೋಡೋಣ" ಅನ್ನುತ್ತೇನೆ. ಎಲ್ಲದಕ್ಕೂ ಒಂದು ಜಿ.ಓ., ಅಂದರೆ ಸರ್ಕಾರಿ ಆದೇಶ, ಇದ್ದೇ ಇರುತ್ತದೆ ಎಂಬುದು ನನ್ನ ಅನುಭವ.

ಹೀಗಿರುವಾಗ ಅತ್ತೆಯ ಫೋನು ಬಂತು. ವಿಷಯ ಕಪ್ಪೆಚಿಪ್ಪಿನದು. ತೆಲುಗಿನಲ್ಲಿ ಆಲ್ಚಿಪ್ಪ ಅನ್ನುತ್ತಾರೆ. ಕೆರೆಯ ಕೆಸರಿನಲ್ಲಿ ಹೂತುಕೊಂಡು ಬದುಕುವ ಜೀವಿ. ನಾವು ಚಿಕ್ಕವರಿದ್ದಾಗ ಅದರ ಬೆನ್ನನ್ನು ಕಲ್ಲಿಗೆ ತಿಕ್ಕಿ ತೂತು ಮಾಡಿ ಮಾವಿನಕಾಯಿ ಸಿಪ್ಪೆ ಹೆರೆಯುತ್ತಿದ್ದೆವು. ಹಾಲಿನ ಪಾತ್ರೆಯ ತಳ ಕೆರೆದು ತಿನ್ನಲು ಅದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಇದುವರೆಗೆ ಕಂಡಿಲ್ಲ. ನಮ್ಮತ್ತೆ ಆ ಚಿಪ್ಪನ್ನು ಸುಟ್ಟು ಎಲೆಅಡಿಕೆಗೆ ಸುಣ್ಣ ಮಾಡುತ್ತಾರೆ. ಕಲ್ಯಾಣದುರ್ಗದ ಬೀಡಾ ಅಂಗಡಿಗಳಿಗೆಲ್ಲ ಅವರದೇ ಸುಣ್ಣ. ಬಾಯಿ ಸುಡದ ಸುಣ್ಣ ಎಂದು ಹೆಸರು. ಅತ್ತೆಯ ಹಳ್ಳಿಯವರೇ ಆದ ಓಬುಳಮ್ಮನವರೂ ಸುಣ್ಣ ಮಾಡುತ್ತಾರೆ. ಇಬ್ಬರಿಗೂ ಎಣ್ಣೆ ಸೀಗೇಕಾಯಿ. ಊರ ಕೆರೆ ತುಂಬಿ, ಮತ್ತೆ ನೀರು ಇಳಿದು, ಕೆರೆಯಂಗಳದ ತುಂಬಾ ಚಿಪ್ಪು ಬಿದ್ದಿತ್ತು. ಯಾರು ಬಾಚಿಕೊಂಡರೆ ಅವರದೇ ಈ ಸಲದ ವ್ಯಾಪಾರ.

"ಅವ್ರಿಗೆ ಹೇಳಮ್ಮ," ಎಂದು ಸ್ಪೀಕರಿನಿಂದ ಅತ್ತೆಯ ದನಿ. "ಆ ಓಬುಳಮ್ಮ ನಾನು ಏಳೋದ್ರೊಳಗೆ ಹೋಗಿ ಬಾಚ್ಕಂಡು ಬಂದ್ಬುಡ್ತಾಳೆ. ಗೌರ್ಮೆಂಟಿಂದ ಒಂದು ಲೈಸೆನ್ಸು ತಂದ್ಬುಟ್ರೆ ಯಾರೂ ಸೊಲ್ಲೆತ್ತಂಗಿಲ್ಲ. ಅವ್ರಿಗೆ ಎಲ್ಲಾ ಆಫೀಸು ಗೊತ್ತಲ್ವಾ?"

"ಅದಕ್ಕೊಂದು ಜಿ.ಓ. ಇದೆ ಅಂತ ಹೇಳು," ಎಂದೆ ಪದ್ಮಾಗೆ.

ಮರುದಿನವೇ ಅಂಗಡಿ ಮುಚ್ಚಿ ಹೊರಟೆ. ಮೀನಿನ ಇಲಾಖೆಯವರು, "ಆಲ್ಚಿಪ್ಪಲಾ? ಅದಿ ಮಾದಿ ಕಾದು ಸಾರ್" ಎಂದರು. ಅಂದರೆ ಅವರದಲ್ಲವಂತೆ. ಮೀನಿಗೆ ಲೈಸೆನ್ಸಿದೆ, ಸೀಗಡಿಗಿದೆ, ಚಿಪ್ಪಿಗಿಲ್ಲ. ಅದರಲ್ಲೂ ಜೀವ ಇದ್ದರೆ ಯೋಚನೆ ಮಾಡಬಹುದು, ಸತ್ತ ಚಿಪ್ಪು ಸುಣ್ಣದ ಕಲ್ಲಿಗೆ ಸಮ, ಗಣಿ ಇಲಾಖೆಗೆ ಹೋಗಿ ಎಂದರು. ಗಣಿಯವರು, ಜೀವ ಹೋಗಿ ಎಷ್ಟು ದಿನವಾಯಿತು ಎಂದು ಕೇಳಿದರು. ನಾನು ವಿಚಾರಿಸಿರಲಿಲ್ಲ. ಕೆರೆಯ ಅಂಗಳವಾದ್ದರಿಂದ ನೀರಾವರಿಗೆ ಹೋಗಿ ಎಂದರು. ನೀರಾವರಿಯವರು ನೀರಿರುವಾಗ ಮಾತ್ರ ಕೆರೆ ತಮ್ಮದು ಅನ್ನುವ ಧಾಟಿಯಲ್ಲಿ ಮಾತಾಡಿದರು. ಸುತ್ತಿ ಸುತ್ತಿ ಸಾಕಾಗಿ ಕಡೆಗೆ ಅತ್ತೆಯ ಊರಿನ ಪಂಚಾಯ್ತಿ ಸೆಕ್ರೆಟರಿಯ ಮುಂದೆ ಕೂತೆ. ಒಳ್ಳೆಯ ಮನುಷ್ಯ. ಅವರು ನನಗೆ ಟೀ ತರಿಸಿ, "ನಾವೇ ತೀರ್ಮಾನ ಮಾಡಿ ಲೈಸೆನ್ಸು ಕೊಡ್ಬೋದು ಸಾರ್. ಆದ್ರೆ ರೂಲ್ಸು ಬೇಕಲ್ಲ? ನೀವು ತಿಳಿದೋರು, ಒಂದು ಡ್ರಾಫ್ಟ್ ಮಾಡ್ಕೊಡಿ" ಎಂದರು.

ಕಾಯಿದೆಯನ್ನು ಓದಿದವರು ಇದ್ದಾರೆ, ಮುರಿದವರು ಇದ್ದಾರೆ. ಬರೆಯುವ ಭಾಗ್ಯ ಎಷ್ಟು ಜನಕ್ಕೆ ಬರುತ್ತದೆ? ನನಗೆ ವಾಪಸ್ ಬರುವ ಬಸ್ಸಿನಲ್ಲಿ ಹಿಂದೂಪುರದವರೆಗೂ ಕಾಲು ನೆಲದ ಮೇಲಿರಲಿಲ್ಲ. ಅತ್ತೆಯವರೂ ಪದ್ಮಾಳ ಮೂಲಕ ಸಲಹೆ ಕೊಟ್ಟರು: "ಕೆರೆಗೆ ಒಂದೇ ಲೈಸೆನ್ಸು ಅಂತ ಬರೀಲಿ. ಇನ್ನೊಬ್ರಿಗೆ ಕೊಡೋ ಹಂಗೇ ಇರಬಾರ್ದು. ಫೀಸು ವರ್ಷಕ್ಕೊಂದ್ಸಲ, ಮೂಟೆ ಲೆಕ್ಕ ಬೇಡ. ನಮ್ಮ ಮೂಟೆ ದೊಡ್ಡದು." ಎರಡನ್ನೂ ಬರೆದೆ. ಆದರೆ ಎರಡೇ ನಿಯಮವಿದ್ದರೆ ಅದನ್ನು ಕಾಯಿದೆ ಎಂದು ಯಾರು ಕರೆಯುತ್ತಾರೆ? ಇಂಟರ್‌ನೆಟ್ಟಿನಲ್ಲಿ ಹುಡುಕಿದಾಗ ಯಾವುದೋ ದೂರದೇಶದ ಕಡಲತೀರದವರು ಚಿಪ್ಪು ಅಗೆಯಲು ಮಾಡಿಕೊಂಡ ನಿಯಮಗಳು ಸಿಕ್ಕವು. ಎಂಥ ಗಾಂಭೀರ್ಯ! ತೆಲುಗಿಗೆ ಇಳಿಸುತ್ತಾ ಹೋದೆ. ಸಮುದ್ರದ ಉಬ್ಬರದ ವೇಳೆ ಅಗೆಯಕೂಡದು, ದೋಣಿಗೆ ದೀಪವಿರತಕ್ಕದ್ದು. ಕಲ್ಯಾಣದುರ್ಗದ ಸೀಮೆಯಲ್ಲಿ ದೋಣಿ ಎಲ್ಲಿಂದ ಬರಬೇಕು? ಇರಲಿ, ಘನತೆಗೆ ಇರಲಿ ಎಂದು ಬಿಟ್ಟೆ. ನಿಯಮ ರಚಿಸಿದವರ ಕುಟುಂಬದವರಿಗೆ ಲೈಸೆನ್ಸ್ ಕೊಡಬಾರದು ಎಂಬುದೂ ಅದರಲ್ಲಿತ್ತು. ಆ ಮಾತು ನನಗೆ ಬಹಳ ಹಿಡಿಸಿತು. ಕುಟುಂಬ ಎಂದರೆ ಇಂಗ್ಲಿಷಿನವರಿಗೆ ಒಂದೇ ಪದ. ನಮ್ಮ ಭಾಷೆಗಳು ಅಷ್ಟು ಬಡವಾಗಿಲ್ಲವೆಂದು ತೋರಿಸಲು ಬಿಡಿಸಿ ಬರೆದೆ: ಅತ್ತೆ, ಮಾವ, ಬಾಮೈದ, ಷಡ್ಡಕ ಇತ್ಯಾದಿ. ಕೊನೆಯಲ್ಲಿ 'ನಿಯಮ ರಚಿಸಿದವರು' ಎಂದು ಹಾಕಿ, ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಹೆಸರನ್ನು ಟೈಪ್ ಮಾಡಿದೆ. ದೇವರಾಣೆಗೂ ಈ ಎರಡು ಸಾಲುಗಳಿಗೆ ಪರಸ್ಪರ ಪರಿಚಯವಿದೆ ಎಂದು ನನಗೆ ಹೊಳೆಯಲಿಲ್ಲ.

ಪಂಚಾಯ್ತಿ ಸಭೆಯ ದಿನ ನನಗೂ ಒಂದು ಕುರ್ಚಿ ಹಾಕಿದ್ದರು. ಅತ್ತೆ ಹೊಸ ಸೀರೆ ಉಟ್ಟು ಹೆಂಗಸರ ನಡುವೆ, ನನಗೆ ಕಾಣದ ಹಾಗೆ ಕಂಬದ ಆಚೆ ಕೂತಿದ್ದರು. ಸೆಕ್ರೆಟರಿ ನಿಯಮಗಳನ್ನು ಓದಿದರು. ಉಬ್ಬರದ ಮಾತಿಗೆ ಜನ ತಲೆದೂಗಿದರು. ಕೊನೆಯಲ್ಲಿ ನನ್ನ ಹೆಸರು ಓದಿದಾಗ ನಾನು ಎದ್ದು ಕೈಮುಗಿದೆ. ಆಗ ಓಬುಳಮ್ಮನವರು ಎದ್ದರು.

"ಸೆಕ್ರೆಟರಿ ಸಾರು, ಈಗ ಕೈಮುಗುದ್ರಲ್ಲ, ಅವ್ರು ಲಕ್ಷ್ಮೀದೇವಮ್ಮನ ಅಳಿಯ ತಾನೆ?"

"ಹೌದಮ್ಮ."

"ಬರದೋರ ಅತ್ತೇಗೆ ಕೊಡಂಗಿಲ್ಲ ಅಂತ ಈಗ ನೀವೇ ಓದುದ್ರಲ್ವಾ?"

ಸಭೆ ನನ್ನ ಕಡೆ ತಿರುಗಿತು. ಸೆಕ್ರೆಟರಿ ಕಾಗದವನ್ನು ಮತ್ತೊಮ್ಮೆ ಓದಿ, ಬೆವರು ಒರೆಸಿಕೊಂಡು, "ಮಾದರಿ ನಿಯಮ ಸಾರ್, ನಿಷ್ಪಕ್ಷಪಾತ ಅಂದ್ರೆ ಇದು" ಎಂದು ನನ್ನನ್ನೇ ಹೊಗಳಿದರು. ಚಪ್ಪಾಳೆ ಬಿತ್ತು. ಆ ಕೆರೆಯ ಒಂದೇ ಲೈಸೆನ್ಸು, ವರ್ಷಕ್ಕೊಂದೇ ಫೀಸು, ಮೂಟೆಯ ಲೆಕ್ಕವಿಲ್ಲದೆ, ಓಬುಳಮ್ಮನವರಿಗೆ ಹೋಯಿತು. ನನಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು.

ಅತ್ತೆಯ ಮನೆಗೆ ಬಂದು ಗೋಡೆಗೆ ಒರಗಿ ಕೂತೆ. ನನ್ನ ಜೊತೆ ಊರಿಗೆ ಬಂದಿದ್ದ ಪದ್ಮಾ ತಲೆ ಎತ್ತಲಿಲ್ಲ. ಒಳಗೆ ಹಾಲಿನ ಪಾತ್ರೆ ಕೆರೆಯುವ ಸದ್ದು ಕರಕರ ಕೇಳುತ್ತಿತ್ತು. ಸದ್ದು ನಿಂತಿತು. ಅತ್ತೆ ಬಾಗಿಲ ಮರೆಗೆ ಬಂದರು ಎಂದುಕೊಂಡೆ. ಅವರು ಬಾಗಿಲನ್ನು ದಾಟಿ, ಪದ್ಮಾಳನ್ನು ದಾಟಿ, ನೇರವಾಗಿ ನನ್ನ ಮುಂದೆ ಬಂದು ನಿಂತರು. ಕೈಯಲ್ಲಿ ಕಪ್ಪೆಚಿಪ್ಪು.

"ಏನಪ್ಪಾ, ಇತ್ಲಾಗೆ ನೋಡು. ಹೂಂ, ನಿನಗೇ ಹೇಳ್ತಿರೋದು. ಎಮ್ಮೇಗಲ್ಲ. ಅತ್ತೆ ಅಂತ ಬರದ್ಯಲ್ಲ, ಬರಿಯೋವಾಗ ಯಾರ ಮುಖ ನೆಪ್ಪಿಗೆ ಬಂತು?"

ಅವರು ಚಿಪ್ಪನ್ನು ನನ್ನ ಮೂಗಿನ ಹತ್ತಿರಕ್ಕೆ ತಂದರು. "ಇದುಕ್ಕೂ ಲೈಸೆನ್ಸು ಬೇಕಾ? ಇಲ್ಲಾ ಈ ಪಾತ್ರೇಗೂ ಸಮುದ್ರ ಉಕ್ಕಿ ಬತ್ತದಾ?"

ಮುಂದಿನ ವಾರ ಓಬುಳಮ್ಮನವರು ಲೈಸೆನ್ಸನ್ನು ಲ್ಯಾಮಿನೇಟ್ ಮಾಡಿಸಲು ಹಿಂದೂಪುರಕ್ಕೆ, ನನ್ನ ಅಂಗಡಿಗೇ ಬಂದರು. ಮಾಡಿಕೊಟ್ಟೆ. ಸುದ್ದಿ ಅವರಿಗಿಂತ ಮೊದಲೇ ಅತ್ತೆಯ ಊರು ಮುಟ್ಟಿತು.

ಅಂದಿನಿಂದ ನನ್ನ ಆಸೆ ಪೂರ್ತಿಯಾಗಿ ಈಡೇರಿದೆ. ಅತ್ತೆಯವರು ದಿನವೂ ಫೋನ್ ಮಾಡುತ್ತಾರೆ. "ಅವ್ರಿಗೆ ಹೇಳಮ್ಮ" ಎಂಬ ಮಾತೇ ಇಲ್ಲ; "ಫೋನು ಅವನ ಕೈಗೆ ಕೊಡು" ಎಂದೇ ಶುರು. ಪದ್ಮಾ ಫೋನು ಹಿಡಿದುಕೊಂಡು ನನ್ನನ್ನು ಹುಡುಕುತ್ತಾಳೆ. ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು, ದನಿ ಆದಷ್ಟು ತಗ್ಗಿಸಿ ಅನ್ನುತ್ತೇನೆ: "ಸ್ನಾನಕ್ಕೆ ಹೋದೋರು ಇನ್ನೂ ಬಂದಿಲ್ಲ ಅಂತ ಅವರಿಗೆ ಹೇಳಮ್ಮ."