ದಯವಿಟ್ಟು ಕಸ ಬೆರೆಸಿ

ಗುಮಾಸ್ತನ ಹೆಂಡತಿ ಅಂದು ಬೆಳಿಗ್ಗೆ ತರಕಾರಿ ಸಿಪ್ಪೆಯನ್ನು ಒಂದು ಬಕೆಟ್ಟಿಗೂ ಹಳೆಯ ರಟ್ಟನ್ನು ಇನ್ನೊಂದಕ್ಕೂ ಹಾಕಿದ್ದೇ ತಪ್ಪಾಯಿತು.

"ಅಯ್ಯಯ್ಯೋ, ಬೆರೆಸೇ! ಎರಡನ್ನೂ ಒಂದರಲ್ಲೇ ಸುರಿ!" ಗುಮಾಸ್ತ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಓಡಿಬಂದ.

"ಹಿಂದಿನ ಬೀದಿಯವರೆಲ್ಲ ಬೇರೆ ಮಾಡ್ತಿದಾರಂತೆ. ನಾವೇನು ಕಮ್ಮೀನಾ? ನಗರಸಭೇಲಿ ಕೆಲಸ ಮಾಡೋರು ಆಡೋ ಮಾತೇನ್ರೀ ಇದು?"

ಅವನ ಸಂಕಟ ಅವನಿಗೆ. ನಗರಸಭೆ ಜನರ ನಡವಳಿಕೆಯ ಬಗ್ಗೆ ಒಂದು ಸಂಶೋಧನೆ ನಡೆಸುತ್ತಿತ್ತು. ಹಿಂದಿನ ಬೀದಿಯ ಎಂಬತ್ತು ಮನೆಗಳಿಗೆ 'ನಿಮ್ಮ ನೆರೆಯವರು ಆಗಲೇ ಹಸಿ ಕಸ, ಒಣ ಕಸ ಬೇರೆ ಮಾಡುತ್ತಿದ್ದಾರೆ' ಎಂಬ ಪತ್ರ ಹೋಗಿತ್ತು. ಇವನ ಬೀದಿಯ ಎಂಬತ್ತು ಮನೆಗಳಿಗೆ ಪತ್ರವಿಲ್ಲ. ಹೋಲಿಸಿ ನೋಡಲು ಅವು ಮೊದಲಿನಂತೆಯೇ ಇರಬೇಕು. ಹತ್ತು ಗಂಟೆಗೆ ಧನಸಹಾಯ ಸಂಸ್ಥೆಯ ಮೇಡಂ ಎರಡೂ ಬೀದಿಗಳ ಬಕೆಟ್ಟು ಎಣಿಸಲು ಬರುವವರಿದ್ದರು. ವ್ಯತ್ಯಾಸ ಎದ್ದು ಕಂಡರೆ ಸಂಶೋಧನೆಗೆ ಮೂರು ವರ್ಷ ಹಣ, ಊರಿಗೆಲ್ಲ ಹೊಸ ನಿಯಮ, ಇವನ ಹಂಗಾಮಿ ಕುರ್ಚಿ ಭದ್ರ. ಕಾಣದಿದ್ದರೆ ತಿಂಗಳ ಕೊನೆಗೆ ಮನೆ.

ಕಾಂಪೌಂಡಿನ ಮೇಲೆ ಪಕ್ಕದ ಮನೆಯ ರೇಡಿಯೋ ಅಕ್ಕನ ತಲೆ ಎದ್ದಿತು. ಬೀದಿಯ ಸುದ್ದಿಯೆಲ್ಲ ಅವರಿಂದಲೇ ಪ್ರಸಾರವಾಗುತ್ತಿತ್ತು.

"ಅಕ್ಕಾ, ದಮ್ಮಯ್ಯ, ಇವತ್ತೊಂದಿನ ಕಸ ಬೆರೆಸಿಬಿಡಿ."

"ಹಿಂದಿನ ಬೀದಿಯವರಿಗೆ ಪತ್ರ ಬರೆದು ಮರ್ಯಾದೆ ಮಾಡೋದು, ನಾವು ಗಲೀಜು ಜನ ಅಂತ ತೋರಿಸ್ಬೇಕಾ? ಇರು, ಮಾಡ್ತೀನಿ!"

ಹತ್ತೇ ನಿಮಿಷದಲ್ಲಿ ಸುದ್ದಿ ಬೀದಿಯ ಕೊನೆ ಮುಟ್ಟಿತು. ಗುಮಾಸ್ತ ಬಾಲಕ್ಕೆ ಬೆಂಕಿ ಬಿದ್ದವನಂತೆ ಮನೆಮನೆಗೂ ಓಡಿ ಕೈಮುಗಿದ. ಬೇಡಿಕೊಂಡಷ್ಟೂ ಬಕೆಟ್ಟುಗಳು ಹೆಚ್ಚಿದವು. ಇದುವರೆಗೆ ಎಲ್ಲ ಕಸವನ್ನೂ ಗೋಡೆಯಾಚೆ ಎಸೆಯುತ್ತಿದ್ದ ನಿವೃತ್ತ ಹೆಡ್‌ಮಾಸ್ಟರು ಮೆಟ್ಟಿಲ ಮೇಲೆ ಕೂತು ಟೀ ಬ್ಯಾಗಿನಿಂದ ದಾರ ಬಿಡಿಸುತ್ತಿದ್ದರು.

"ಪುಡಿ ಹಸಿ, ದಾರ ಒಣ. ಸರಿ ತಾನೆ?"

ಗುಮಾಸ್ತನ ತಾಳ್ಮೆ ತಪ್ಪಿತು. ದರ್ಜಿಯ ಮನೆಯ ಹಸಿ ಕಸದ ಬಕೆಟ್ಟನ್ನೆತ್ತಿ ಒಣ ಕಸಕ್ಕೆ ಸುರಿಯಹೋದ. ದರ್ಜಿಯ ತಾಯಿ ಇನ್ನೊಂದು ತುದಿ ಹಿಡಿದು ಜಗ್ಗಿದರು. "ಬಿಡೋ! ನನ್ನ ಕಸ ಮುಟ್ಟೋಕೆ ನೀನ್ಯಾರೋ?" ಬಕೆಟ್ಟು ಅವನ ತಲೆಯ ಮೇಲೇ ಮಗುಚಿಕೊಂಡಿತು. ಅಷ್ಟರಲ್ಲಿ ಮೇಡಂ ಕಾರು ಬಂದು ನಿಂತಿತು.

ಎಣಿಕೆ ಮುಗಿಯಿತು. ಪತ್ರ ಹೋದ ಬೀದಿಯಲ್ಲಿ ಎಂಬತ್ತಕ್ಕೆ ನಲವತ್ತು. ಈ ಬೀದಿಯಲ್ಲಿ, ಗುಮಾಸ್ತನ ಸ್ವಂತ ಮನೆಯೂ ಸೇರಿ, ಎಂಬತ್ತಕ್ಕೆ ಎಂಬತ್ತು. ಚೆಲ್ಲಿದ್ದನ್ನೂ ದರ್ಜಿಯ ತಾಯಿ ಆಗಲೇ ಆರಿಸಿಟ್ಟಿದ್ದರು.

"ಪತ್ರವೇ ಇಲ್ದೆ ಇದು ಹೇಗಾಯ್ತು?" ಮೇಡಂ ಕಣ್ಣರಳಿಸಿದರು.

"ಇವನು ಬೇಡ ಬೇಡ ಅಂತ ಗೋಗರೆದ, ಮೇಡಂ," ಎಂದರು ರೇಡಿಯೋ ಅಕ್ಕ. "ಬಿಡ್ತೀವಾ ನಾವು?"

ಮೇಡಂ ಕುಣಿಯುವುದೊಂದು ಬಾಕಿ. "ಪತ್ರ ಬಿಟ್ಹಾಕಿ! ಹಣ ಇದಕ್ಕೇ! ಮೂರು ವರ್ಷ, ನೂರಿಪ್ಪತ್ತು ಬೀದಿ. ದಿನಾ ಬೆಳಿಗ್ಗೆ ಇವರೇ ಹೋಗಿ ಬೇಡಿಕೊಂಡು ಬೈಸಿಕೊಳ್ಳಲಿ." ಒಪ್ಪಿಗೆಪತ್ರ ಅವನ ಮುಂದೆ ಚಾಚಿದರು.

ಗುಮಾಸ್ತ ಕಿವಿಯ ಹಿಂದಿನ ಮೊಟ್ಟೆ ಚಿಪ್ಪು ತೆಗೆದ. ಜೀವಮಾನದಲ್ಲಿ ಮೊದಲ ಬಾರಿ ಅವನ ದನಿ ನಡುಗಲಿಲ್ಲ. "ಕೆಲಸ ಹೋದ್ರೆ ಹೋಗ್ಲಿ. ನಾನು ಸಹಿ ಹಾಕಲ್ಲ."

ಮೇಡಂ ಕಾಗದವನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು. "ಹೌದೌದು, ದಯವಿಟ್ಟು ಹಾಕ್ಬೇಡಿ. ನಿಮ್ಮಂಥವರ ಕೈಲಿ ಇದು ಆಗೋದೂ ಇಲ್ಲ."

"ಯಾಕ್ರೀ ಆಗಲ್ಲ?" ಗುಮಾಸ್ತ ಕಾಗದ ಕಿತ್ತುಕೊಂಡು ಎರಡು ಕಡೆ ಸಹಿ ಜಡಿದ.

ಪೆನ್ನಿಗೆ ಮುಚ್ಚಳ ಹಾಕಿ ತಲೆಯೆತ್ತಿದಾಗ ಮೇಡಂ ತಮ್ಮ ಪುಸ್ತಕದಲ್ಲಿ 'ಬೇಡ ಅಂದಿದ್ದಕ್ಕೇ ಮಾಡಿದವರು' ಎಂಬುದರ ಮುಂದಿದ್ದ ಎಂಬತ್ತನ್ನು ಹೊಡೆದುಹಾಕಿ ಎಂಬತ್ತೊಂದು ಎಂದು ಬರೆಯುತ್ತಿದ್ದರು.