ರಜೆಗೆ ಹೋದವನ ಕುರ್ಚಿ

ಐವತ್ತು ದಾಟಿದ ಮೇಲೆ ಬೆಚ್ಚಿಬೀಳುವುದು ಕಡಿಮೆಯಾಗುತ್ತದೆ ಎಂದು ನಂಬಿದ್ದೆ; ಆದರೆ ಇನ್ನೂ ಹುಟ್ಟದ ಒಂದು ಮಗುವಿನ ಪರವಾಗಿ ನಾಲ್ಕು ಮಾತಾಡಲು ಹೊರಟಾಗಿನಿಂದ ನಾನು ಬೆಚ್ಚಿಬೀಳದ ವಾರವೇ ಇಲ್ಲ. ಸಿಂಗಪುರದ ಉಬಿಯಲ್ಲಿ ಏರ್‌ಕಾನ್ ಡಕ್ಟ್‌ಗಳನ್ನು, ಅಂದರೆ ತಂಪು ಗಾಳಿ ಹಾಯುವ ತಗಡಿನ ಕೊಳವೆಗಳನ್ನು, ತಯಾರಿಸುವ ಒಂದು ಸಣ್ಣ ಕಾರ್ಖಾನೆಯಿದೆ. ಅಲ್ಲಿ ಬೆಸುಗೆಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಯಾರು ಆಣೆಯಿಟ್ಟು ಹೇಳಿದರೂ ನಾನು ಒಮ್ಮೆ ತಟ್ಟಿ ನೋಡದೆ ಬೆಸುಗೆ ಗಟ್ಟಿಯಾಗಿದೆ ಎಂದು ಒಪ್ಪುವುದಿಲ್ಲ. ಜನ ಹೇಳುವ ಕಥೆಗಳ ವಿಷಯದಲ್ಲಿಯೂ ನನ್ನದು ಅದೇ ಅಭ್ಯಾಸ. ತಟ್ಟುವುದು ಮಾತ್ರ ಸದ್ದಾಗದಂತೆ.

ಕುರ್ಚಿ ಕಳೆದುಕೊಂಡವನು

ನಮ್ಮ ಡ್ರಾಯಿಂಗ್ ವಿಭಾಗದಲ್ಲಿ ಉಡುಪಿ ಮೂಲದ ಒಬ್ಬ ತರುಣನಿದ್ದಾನೆ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಸಿಂಗಪುರದಲ್ಲಿ. ಅವನ ಹೆಂಡತಿಗೆ ದಿನ ತುಂಬುತ್ತಿತ್ತು. ಆಕೆಯ ತಾಯಿ ಇಲ್ಲ. ಇವನ ತಾಯಿಗೆ ಆಗಷ್ಟೇ ಮಂಡಿಯ ಶಸ್ತ್ರಚಿಕಿತ್ಸೆಯಾಗಿತ್ತು. ಬಾಣಂತನ ಮಾಡಲು ಮನೆಯಲ್ಲಿ ಇವನ ಹೊರತು ಬೇರೆ ಕೈಗಳೇ ಇರಲಿಲ್ಲ. ಅಪ್ಪಂದಿರಿಗೆ ಸರ್ಕಾರ ಕೊಡುವ ಸಂಬಳಸಹಿತ ರಜೆಯನ್ನು ಪೂರ್ತಿ ಬಳಸಿಕೊಳ್ಳುತ್ತಾನೆಂದೇ ನಾನು ಭಾವಿಸಿದ್ದೆ. ಎರಡು ದಿನ ಸಾಕು ಎಂದ.

ಏಕೆಂದು ಕೇಳಿದೆ. "ಪೂರ್ತಿ ತಗೊಂಡ್ರೆ ಚೇರ್ ಹೋಗುತ್ತೆ ಆಂಟಿ. ಸ್ಟೋರ್ ಅಂಕಲ್‌ನ ಕೇಳಿ ಲಾ," ಎಂದ, ಇಲ್ಲಿನವರ ರೂಢಿಯಂತೆ ಕೊನೆಗೊಂದು 'ಲಾ' ಸೇರಿಸಿ.

ಸ್ಟೋರ್ ನೋಡಿಕೊಳ್ಳುವ ಅಂಕಲ್ ಕಥೆಯನ್ನು ಶ್ರದ್ಧೆಯಿಂದ ಹೇಳಿದರು. ಬಹಳ ವರ್ಷಗಳ ಹಿಂದೆ ಇಲ್ಲಿ ಒಬ್ಬಾತ ಹಸುಗೂಸನ್ನು ನೋಡಿಕೊಳ್ಳಲು ದೀರ್ಘ ರಜೆ ಹಾಕಿದನಂತೆ. ಹಿಂತಿರುಗಿದಾಗ ಅವನ ಕುರ್ಚಿ ಮಾಯವಾಗಿತ್ತಂತೆ. ಆತನ ಹೆಸರೇನು ಎಂದೆ. "ಹೆಸರು ಯಾಕೆ? ಕುರ್ಚಿ ಹೋದದ್ದು ನಿಜ," ಎಂದರು. ಲೆಕ್ಕಪತ್ರ ವಿಭಾಗದವರ ಕಥೆಯಲ್ಲಿ ಕುರ್ಚಿಯ ಜೊತೆ ಮೇಜೂ ಹೋಗಿತ್ತು. ಲಾರಿ ಚಾಲಕರ ಕಥೆಯಲ್ಲಿ ಆತ ಅವಮಾನ ತಾಳಲಾರದೆ ಗಡಿ ದಾಟಿ ಮಲೇಷ್ಯಾದ ಜೊಹೋರ್‌ಗೆ ಹೋಗಿ ಕೋಳಿ ಸಾಕುತ್ತಿದ್ದ. ಆ ಮನುಷ್ಯನನ್ನು ಕಂಡವರು ಒಬ್ಬರೂ ಇರಲಿಲ್ಲ. ಕೋಳಿಗಳನ್ನು ಮಾತ್ರ ಎಲ್ಲರೂ ಕಣ್ಣಾರೆ ಕಂಡವರಂತೆ, ಬಣ್ಣಸಮೇತ ವರ್ಣಿಸಿದರು.

ಹೊಲದಲ್ಲಿ ಹೆತ್ತ ತಾಯಿ

ರಜೆ ಕೊಡುವುದು ಒಂದು ಮಾತು, ಹೆದರದೆ ತೆಗೆದುಕೊಳ್ಳುವಂತೆ ಮಾಡುವುದು ಇನ್ನೊಂದು. ಎರಡೂ ಹೆಚ್ಚಬೇಕು ಎಂದು ನಮ್ಮ ಸಂಸದರಿಗೆ ಹೇಳಬೇಕೆನಿಸಿತು. ಅವರು ವಾರಕ್ಕೊಂದು ಸಂಜೆ ಸೆರಂಗೂನಿನ ನಮ್ಮ ಕಾಂಡೊದ ಪಕ್ಕದ ಬ್ಲಾಕಿನ ವಾಯ್ಡ್ ಡೆಕ್‌ನಲ್ಲಿ, ಅಂದರೆ ಕಟ್ಟಡದಡಿಯ ತೆರೆದ ಜಾಗದಲ್ಲಿ, ಕುಳಿತು ನಿವಾಸಿಗಳ ಅಹವಾಲು ಕೇಳುತ್ತಾರೆ. ಒಬ್ಬಳೇ ಹೋದರೆ ತೂಕ ಸಾಲದೆಂದು, ಕಾಂಡೊದ ಕನ್ನಡಿಗರು ಚಹಾಕ್ಕೆ ಸೇರಿದ್ದಾಗ ವಿಷಯ ಎತ್ತಿದೆ.

ನನ್ನ ವಯಸ್ಸಿನವರೇ ಆದ, ಹುಬ್ಬಳ್ಳಿ ಕಡೆಯ ನೆರೆಮನೆಯವರೊಬ್ಬರು ತಕ್ಷಣ ತಳ್ಳಿಹಾಕಿದರು. ಅವರ ತಾಯಿ ಅವರನ್ನು ಬೆಳಿಗ್ಗೆ ಹೊಲದಲ್ಲಿ ಹೆತ್ತು, ಮಧ್ಯಾಹ್ನ ಅದೇ ಹೊಲದಲ್ಲಿ ಕಳೆ ಕಿತ್ತು, ಸಂಜೆ ಮನೆಮಂದಿಗೆಲ್ಲ ರೊಟ್ಟಿ ಬಡಿದಿದ್ದರಂತೆ. ಅಂಥವರು ಯಾವ ರಜೆ ಕೇಳಿದ್ದರು ಎಂದು ಸುತ್ತ ನೋಡಿದರು. ಅರ್ಧದಷ್ಟು ಜನ ಭಕ್ತಿಯಿಂದ ತಲೆದೂಗಿದರು.

ನನಗೆ ಕಳೆಯ ಭಾಗದಲ್ಲಿ ಬೆಸುಗೆ ಸಡಿಲವೆನಿಸಿತು. ಅದೃಷ್ಟಕ್ಕೆ ಆ ತಾಯಿಯೇ ಮಗನ ಮನೆಗೆ ಬಂದವರು, ಪಕ್ಕದಲ್ಲಿ ಚುರುಮುರಿ ತಿನ್ನುತ್ತಿದ್ದರು. ಹೌದೇ ಅಮ್ಮ ಎಂದು ಮೆಲ್ಲಗೆ ಕೇಳಿದೆ.

"ಯಾರು ಹಿಂಗ ಹೇಳಿದ್ರು ಇವಗ?" ಎಂದರು ಅವರು. "ಮೂರು ತಿಂಗಳು ಬಾಣಂತಿ ಕೋಲಿ ಬಿಟ್ಟು ಹೊರಗ ಬಂದಿಲ್ಲ ನಾ. ಇವರಪ್ಪ ಸಾಲಿ ಮಾಸ್ತರ, ರಜಾ ಹಾಕಿ ಇವನ ಅರಿವಿ ಒಗದಾರ."

ಮೇಷ್ಟರ ಮಗ ಕುಗ್ಗಿದ ದನಿಯಲ್ಲಿ, ಹಾಗಾದರೆ ಹೊಲ ಎಂದು ಕೇಳಿದರು.

"ನಮಗ ಹೊಲ ಎಲ್ಲಿತ್ತೋ ತಮ್ಮಾ? ಬಾಡಿಗಿ ಮನ್ಯಾಗ ಇದ್ವಿ."

ಮಗು ಯಾರದು

ಪಶ್ಚಾತ್ತಾಪದಿಂದಲೋ ತಾಯಿಯ ಒತ್ತಾಯದಿಂದಲೋ, ಮುಂದಿನ ಸಂಜೆ ವಾಯ್ಡ್ ಡೆಕ್‌ಗೆ ನನ್ನ ಜೊತೆ ಬಂದವರು ಹುಬ್ಬಳ್ಳಿಯ ನೆರೆಯವರೊಬ್ಬರೇ. ಅಲ್ಲಿ ಸ್ವಯಂಸೇವಕಿಯಾಗಿದ್ದ ಚೀನೀ ಹುಡುಗಿ ಏನು ವಿಷಯವೆಂದು ಕೇಳಿದಳು. ಮಗು ಹುಟ್ಟಿದಾಗ ಸಿಗುವ ರಜೆಯ ವಿಷಯ ಎಂದೆ. ಆಕೆ ನನ್ನನ್ನು ನೋಡಿದಳು, ಅವರನ್ನು ನೋಡಿದಳು, ಎದ್ದು ತನ್ನ ಕುರ್ಚಿಯನ್ನೇ ನನ್ನ ಕಡೆ ಸರಿಸಿದಳು.

"ಮೊದಲನೇದಾ ಆಂಟಿ?"

ನಾನು ಕುರ್ಚಿಯನ್ನು ಅವಳತ್ತಲೇ ಮರಳಿ ತಳ್ಳಿದೆ. ಮಗು ನನ್ನದಲ್ಲ ಎಂದು ಸ್ಪಷ್ಟಪಡಿಸಿದೆ. ಹಾಗಾದರೆ ಅಂಕಲ್‌ದಾ ಎಂದಳು, ನೆರೆಯವರನ್ನು ನೋಡಿ. ಅಂಕಲ್ ಎರಡು ಹೆಜ್ಜೆ ಹಿಂದೆ ಸರಿದರು. ಇದು ಯಾರದೇ ಮಗುವಾಗಿರಬಹುದು, ನಾವು ಎಲ್ಲರ ಪರವಾಗಿ ಬಂದಿದ್ದೇವೆ ಎಂದು ವಿವರಿಸಿದಷ್ಟೂ ಅವಳ ಕಣ್ಣಲ್ಲಿ ಮರುಕ ಹೆಚ್ಚಿತು. ಅಲ್ಲಿಗೆ ಬರುವವರೆಲ್ಲ ತಮ್ಮ ಪಾರ್ಕಿಂಗ್ ದಂಡಕ್ಕೋ ಮೇಲಿನ ಮನೆಯವರು ಒಣಹಾಕಿದ ಬಟ್ಟೆಯಿಂದ ತೊಟ್ಟಿಕ್ಕುವ ನೀರಿಗೋ ಬರುವವರು. ಬೇರೆಯವರ ಮಗುವಿಗಾಗಿ ಬಂದವರನ್ನು ಅವಳು ಕಂಡೇ ಇರಲಿಲ್ಲ.

ಸಂಸದರು ಮಾತ್ರ ಪೂರ್ತಿ ಕೇಳಿಸಿಕೊಂಡರು. ಒಬ್ಬರ ಅಹವಾಲನ್ನು ಪಾರ್ಲಿಮೆಂಟಿನಲ್ಲಿ ಎತ್ತುವುದು ಕಷ್ಟ ಎಂದರು. ಮುಂದಿನ ನಿವಾಸಿಗಳ ಸಭೆಗೆ ಇಂಥ ಅಪ್ಪಂದಿರನ್ನು ಕರೆತನ್ನಿ, ಸಾಧ್ಯವಾದರೆ ರಜೆಯ ಪರವಾಗಿ ಮಾತಾಡುವ ಒಬ್ಬ ಮಾಲೀಕರನ್ನೂ ಕರೆತನ್ನಿ, ಆಗ ಪ್ರಶ್ನೆಗೆ ಬಲ ಬರುತ್ತದೆ ಎಂದರು. ನಾವು ಹೊರಡುವಾಗ ಆ ಹುಡುಗಿ ಅಂಕಲ್ ಕೈ ಕುಲುಕಿ, ಈ ವಯಸ್ಸಿನಲ್ಲೂ ಎಲ್ಲ ಸರಿಹೋಗುತ್ತದೆ, ಧೈರ್ಯವಾಗಿರಿ ಎಂದಳು.

ಕೋಳಿ ಎಲ್ಲಿ

ಮಾಲೀಕರೆಂದರೆ ನನಗೆ ಗೊತ್ತಿದ್ದವರು ಒಬ್ಬರೇ, ನಮ್ಮ ಬಾಸ್. ಮಿತಭಾಷಿಯಾದ ಚೀನೀ ಹಿರಿಯರು. ಇದೇ ಕಾರ್ಖಾನೆಗೆ ಸೂಪರ್‌ವೈಸರ್ ಆಗಿ ಸೇರಿ, ಕೊನೆಗೆ ಅದನ್ನೇ ಕೊಂಡವರು. ತರುಣನನ್ನೂ ಎಳೆದುಕೊಂಡು ಅವರ ಕೋಣೆಗೆ ಹೋದೆ. ಮನೆಯಲ್ಲಿ ಬಾಣಂತನಕ್ಕೆ ಯಾರೂ ಇಲ್ಲದಿದ್ದರೂ ಈ ಹುಡುಗ ಕುರ್ಚಿಯ ಭಯಕ್ಕೆ ರಜೆ ಕೇಳುತ್ತಿಲ್ಲ ಎಂದೆ. ಯಾವ ಕುರ್ಚಿ ಎಂದರು. ಕೋಳಿಗಳನ್ನು ಬಿಟ್ಟು ಉಳಿದ ಕಥೆಯನ್ನು ಹೇಳಿದೆ.

ಬಾಸ್ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. ಆಮೇಲೆ, "ಅದು ನಾನು," ಎಂದರು.

ನಾನು ತರುಣನ ಮುಖ ನೋಡಿದೆ. ಕಥೆಯ ಹಿಂದೆ ಒಬ್ಬ ಮನುಷ್ಯನೇ ಇರಲಾರ ಎಂದು ನಾನು ಆಗಲೇ ತೀರ್ಮಾನಿಸಿದ್ದೆ. ಇಲ್ಲಿ ನೋಡಿದರೆ ಆತ ನಮಗೆ ಸಂಬಳ ಕೊಡುತ್ತಿದ್ದ.

ಅವರ ಮಗಳು ಹುಟ್ಟಿದಾಗ ಅಪ್ಪಂದಿರಿಗೆ ಇಂಥ ರಜೆಯೇ ಇರಲಿಲ್ಲವಂತೆ. ಕೂಡಿಟ್ಟ ವಾರ್ಷಿಕ ರಜೆಯನ್ನೆಲ್ಲ ಹಾಕಿ ಮನೆಯಲ್ಲಿದ್ದರಂತೆ. ಹೆಂಡತಿಗೆ ವಿಪರೀತ ಬೆನ್ನುನೋವು, ಮನೆಯಲ್ಲಿದ್ದದ್ದು ಪ್ಲಾಸ್ಟಿಕ್ ಸ್ಟೂಲುಗಳು. ಹಾಲೂಡಿಸಲು ಆಕೆಗೆ ಒರಗಿ ಕೂರುವ ಆಸನ ಬೇಕಿತ್ತು.

"ಕುರ್ಚಿನ ಯಾರೂ ತೆಗೀಲಿಲ್ಲ. ನಾನೇ ಲಾರಿಯಲ್ಲಿ ಹಾಕ್ಕೊಂಡು ಹೋದೆ. ಆಮೇಲೆ ಅವಳು ವಾಪಸ್ ಕೊಡಲಿಲ್ಲ. ಈಗಲೂ ಅದರಲ್ಲೇ ಕೂತು ಟಿವಿ ನೋಡ್ತಾಳೆ."

ಇಷ್ಟು ವರ್ಷ ಜನ ಇದನ್ನು ಹೇಳಿ ಹೊಸ ಅಪ್ಪಂದಿರನ್ನು ಹೆದರಿಸುತ್ತಿದ್ದರೆ ನೀವೇಕೆ ತಿದ್ದಲಿಲ್ಲ ಎಂದು ಕೇಳಿದೆ. ಅವರು ನಿಜಕ್ಕೂ ಗೊಂದಲಗೊಂಡರು. "ಆಫೀಸಿನ ಕುರ್ಚಿ ಮನೆಗೆ ಒಯ್ಯಬಾರದು ಅಂತ ಎಲ್ಲರೂ ನನಗೆ ಚುಚ್ಚಿ ಹೇಳ್ತಿದ್ದಾರೆ ಅಂದ್ಕೊಂಡಿದ್ದೆ."

ಸಂಸದರು ಹೇಳಿದ್ದ ನಿವಾಸಿಗಳ ಸಭೆಗೆ ಬಾಸ್ ಬಂದರು. ಇದನ್ನೇ, ಹೆಂಡತಿಯ ಬೆನ್ನುನೋವಿನ ಸಮೇತ, ಎದ್ದುನಿಂತು ಹೇಳಿ ಕುಳಿತುಕೊಂಡರು. ಹುಬ್ಬಳ್ಳಿಯ ನೆರೆಯವರು ತಮ್ಮ ಅಪ್ಪ ಬಟ್ಟೆ ಒಗೆದದ್ದನ್ನು, ಹೊಲದ ಸುದ್ದಿ ಎತ್ತದೆ, ಹೆಮ್ಮೆಯಿಂದ ಹೇಳಿದರು. ಸಂಸದರು ಪ್ರಶ್ನೆ ಕೇಳುವುದಾಗಿ ಮಾತು ಕೊಟ್ಟಿದ್ದಾರೆ. ಉತ್ತರ ಏನು ಬರುವುದೋ ಕಾದು ನೋಡಬೇಕು.

ತರುಣ ಪೂರ್ತಿ ರಜೆ ಹಾಕಿದ. ಹೆಣ್ಣು ಮಗು. ಸೋಮವಾರ ಕೆಲಸಕ್ಕೆ ಬಂದ ನಾನು ಅವನ ಮೇಜಿನ ಕಡೆ ನೋಡಿ ಅಲ್ಲೇ ನಿಂತುಬಿಟ್ಟೆ. ಕುರ್ಚಿ ಇರಲಿಲ್ಲ.

ಬಾಸ್ ಕೋಣೆಯತ್ತ ಅರ್ಧ ದಾರಿ ಹೋಗಿದ್ದೆ. ಫೋನಿಗೆ ಒಂದು ಚಿತ್ರ ಬಂತು. ಬುಕಿತ್ ಪಂಜಾಂಗಿನ ತರುಣನ ಫ್ಲ್ಯಾಟಿನಲ್ಲಿ, ಮೇಜಿನ ಬಳಿಯಿಂದ ಮಾಯವಾದ ಅದೇ ಕುರ್ಚಿಯಲ್ಲಿ ಒರಗಿ, ಅವನ ಹೆಂಡತಿ ಮಗುವಿಗೆ ಹಾಲೂಡಿಸಿ ಮುಗಿಸಿ ಕಣ್ಣು ಮುಚ್ಚಿದ್ದಳು. ಕೆಳಗೆ ಬರೆದಿದ್ದ: "ಬಾಸ್ ಅವರೇ ಲಾರಿ ಕಳಿಸಿದ್ರು ಆಂಟಿ."

ಅಷ್ಟರಲ್ಲಿ ಸ್ಟೋರ್ ಅಂಕಲ್ ಖಾಲಿ ಜಾಗವನ್ನು ಲಾರಿ ಚಾಲಕರಿಗೆ ತೋರಿಸುತ್ತ, ತಾನು ಮೊದಲೇ ಹೇಳಿದ್ದೆ ಎನ್ನುತ್ತಿದ್ದರು. ನಾನು ಫೋನನ್ನು ಅವರ ಮುಂದೆ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು, ಚಿತ್ರವನ್ನು ಹಿಗ್ಗಿಸಿ, ಕುರ್ಚಿಯ ಹಿಂದೆ, ಬಾಗಿಲ ಬಳಿ, ಬಾಲ್ಕನಿಯ ಮೂಲೆಯವರೆಗೂ ಹುಡುಕಿದರು.

"ಎಲ್ಲ ಸರಿ," ಎಂದರು, "ಕೋಳಿ ಎಲ್ಲಿ?"